ಆಟದ ಮಧ್ಯೆ ಸ್ಕ್ರೀನ್ ಕಪ್ಪಾಗ್ತಿದ್ಯಾ? ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋ ಮುಂಚೆ ಇಷ್ಟು ಮಾಡಿ ನೋಡಿ

ಗೇಮ್ ಆಡ್ತಾ ಇದ್ದಾಗ ಸ್ಕ್ರೀನ್ ಕಪ್ಪಾದ ತಕ್ಷಣ ನಾವೆಲ್ಲಾ ಮಾಡೋ ಮೊದಲ ಕೆಲಸ ಪವರ್ ಬಟನ್ ಒತ್ತಿ ಹಿಡಿಯೋದು. ನಾನೂ ತುಂಬಾ ದಿನ ಅದನ್ನೇ ಮಾಡ್ತಿದ್ದೆ. ಮುಂದಿನ ಸಲ ಹಾಗಾದಾಗ ಒಂದು ಹದಿನೈದು ಸೆಕೆಂಡ್ ಯಾವುದನ್ನೂ ಮುಟ್ಟದೆ ಸುಮ್ನೆ ಕೂತು ಗಮನಿಸಿ, ಗೇಮ್ ಸೌಂಡ್ ಬರ್ತಾ ಇದ್ಯಾ, ಫ್ಯಾನ್ ಒಮ್ಮೆಲೇ ಜೋರಾಯ್ತಾ, ಕೀಬೋರ್ಡ್ ಲೈಟ್ ಉರೀತಾ ಇದ್ಯಾ, ಮಾನಿಟರ್ ನೋ ಸಿಗ್ನಲ್ ಅಂತ ತೋರಿಸ್ತಾ ಇಲ್ಲಾ ಬರೀ ಕಪ್ಪಗೆ ನಿಂತಿದ್ಯಾ. ಈ ಹದಿನೈದು ಸೆಕೆಂಡಲ್ಲಿ ಗೊತ್ತಾಗೋದು ಆಮೇಲೆ ಹದಿನೈದು ದಿನ ಡ್ರೈವರ್ (ವಿಂಡೋಸ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಮಾತಾಡಿಸೋ ಸಾಫ್ಟ್‌ವೇರ್) ಬದಲಾಯಿಸ್ತಾ ಕೂತ್ರೂ ಗೊತ್ತಾಗಲ್ಲ.

ನನ್ನ ಪಿಸಿಗೆ ಈ ಕಾಟ ಶುರುವಾದಾಗ ನಾನು ಮಾಡಿದ್ದು ಕೇಳಿ, ಮೂರು ಸಲ ಡ್ರೈವರ್ ಬದಲಾಯಿಸ್ದೆ, ವಿಂಡೋಸ್ ಪೂರ್ತಿ ಒರೆಸಿ ಮತ್ತೆ ಹಾಕ್ದೆ, ರ‍್ಯಾಮ್ ತೆಗೆದು ಬೇರೆ ಸ್ಲಾಟಿಗೆ ಹಾಕ್ದೆ, ಕೊನೆಗೆ ಕಾರ್ಡೇ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸ ಕಾರ್ಡಿನ ರಿವ್ಯೂ ನೋಡೋಕೆ ಶುರು ಹಚ್ಕೊಂಡಿದ್ದೆ. ಹುತ್ತ ಬಡಿದ್ರೆ ಹಾವು ಸಾಯುತ್ತಾ? ಹಾವು ಇದ್ದಿದ್ದು ಪವರ್ ಸಪ್ಲೈಯಿಂದ ಕಾರ್ಡಿಗೆ ಹೋಗೋ ಒಂದು ಕೇಬಲ್‌ನಲ್ಲಿ. ಆ ವಿಷಯ ಕೆಳಗೆ ಬರತ್ತೆ.

ಯಾವ ಥರದ ಕಪ್ಪು ಅಂತ ಮೊದಲು ಗುರುತಿಸಿ

ಒಂದೆರಡು ಸೆಕೆಂಡ್ ಕಪ್ಪಾಗಿ ತಾನಾಗೇ ವಾಪಸ್ ಬಂದು ಗೇಮ್ ಏನೂ ಆಗದ ಹಾಗೆ ಮುಂದುವರೀತಾ ಇದ್ರೆ ಸಾಮಾನ್ಯವಾಗಿ ಕಂಪ್ಯೂಟರ್ ಚೆನ್ನಾಗೇ ಇರತ್ತೆ, ಅನುಮಾನ ಪಡಬೇಕಾಗಿರೋದು ಕೇಬಲ್, ಮಾನಿಟರ್, ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸತ್ತೆ ಅನ್ನೋದು) ಇವುಗಳ ಮೇಲೆ. ಕಪ್ಪಾಗಿ ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ಬಂತು, ಆದ್ರೆ ಗೇಮ್ ಮುಚ್ಚೋಗಿದೆ ಅಂದ್ರೆ ಗ್ರಾಫಿಕ್ಸ್ ಡ್ರೈವರ್ ಬಿದ್ದು ಎದ್ದಿದೆ ಅಂತ ಅರ್ಥ. ಸ್ಕ್ರೀನ್ ಕಪ್ಪಾಗಿ ಕಾರ್ಡಿನ ಫ್ಯಾನ್ ವಿಮಾನ ಹೊರಟ ಹಾಗೆ ಕಿರುಚೋಕೆ ಶುರು ಮಾಡಿ, ಗೇಮ್ ಸೌಂಡ್ ಮಾತ್ರ ಇನ್ನೂ ಕೇಳಿಸ್ತಾ ಇದ್ದು, ಸ್ಕ್ರೀನ್ ಮತ್ತೆ ಬರೋದೇ ಇಲ್ಲ ಅಂದ್ರೆ ಕಾರ್ಡ್ ಸಿಸ್ಟಮ್‌ನಿಂದ ಕೈಬಿಟ್ಟು ಹೋಗಿದೆ, ಪವರ್ ಅಥವಾ ಬಿಸಿ ಅಥವಾ ಸ್ಲಾಟ್ ಕಡೆ ನೋಡಬೇಕು. ಇನ್ನು ಇಡೀ ಪಿಸಿನೇ ಟಪ್ ಅಂತ ಆಫ್ ಆಗಿ ರೀಸ್ಟಾರ್ಟ್ ಆಗ್ತಿದೆ, ಇಲ್ಲಾ ಸತ್ತೇ ಬಿದ್ದಿದೆ ಅಂದ್ರೆ ಮೊದಲ ಆರೋಪಿ ಪವರ್ ಸಪ್ಲೈ, ಎರಡನೇದು ಪ್ರೊಸೆಸರ್ ಬಿಸಿ.

ಕಪ್ಪಾಗಿರುವಾಗಲೇ ಮಾಡೋ ಎರಡು ಸಣ್ಣ ಪರೀಕ್ಷೆ ಇದೆ. ಕ್ಯಾಪ್ಸ್ ಲಾಕ್ ಒತ್ತಿ, ಕೀಬೋರ್ಡಿನ ಆ ಲೈಟ್ ಆನ್ ಆಫ್ ಆದ್ರೆ ವಿಂಡೋಸ್ ಒಳಗಡೆ ಇನ್ನೂ ಜೀವಂತ ಇದೆ, ಆಗದೇ ಇದ್ರೆ ಇಡೀ ಸಿಸ್ಟಮ್ ಕಲ್ಲಾಗಿದೆ. ಜೀವಂತ ಇದ್ರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ, ಇದು ಗ್ರಾಫಿಕ್ಸ್ ಡ್ರೈವರನ್ನ ರೀಸೆಟ್ ಮಾಡತ್ತೆ, ಬೀಪ್ ಅಂತ ಸದ್ದಾಗಿ ಚಿತ್ರ ವಾಪಸ್ ಬಂದ್ರೆ ಡ್ರೈವರ್ ಕಡೆ ಸಮಸ್ಯೆ ಇರೋ ಸಾಧ್ಯತೆ ಜಾಸ್ತಿ, ಜೊತೆಗೆ ಓಪನ್ ಮಾಡಿಟ್ಟ ಕೆಲಸವೂ ಉಳಿಯತ್ತೆ.

ವಿಂಡೋಸ್ ಬರೆದಿಟ್ಟಿರೋ ಡೈರಿ ಓದಿ

ಪಿಸಿ ವಾಪಸ್ ಬಂದ ಮೇಲೆ ಸ್ಟಾರ್ಟ್ ಮೆನುನಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ ಓಪನ್ ಮಾಡಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ, ಕಪ್ಪಾದ ಟೈಮ್ ನೆನಪಿಟ್ಟುಕೊಂಡು ಅದರ ಆಸುಪಾಸಿನ ಕೆಂಪು, ಹಳದಿ ಗುರುತುಗಳನ್ನ ಮಾತ್ರ ನೋಡಿ. ಬೇರೆ ಟೈಮಿನ ಕೆಂಪು ಗುರುತು ನೋಡಿ ಗಾಬರಿ ಆಗ್ಬೇಡಿ, ಚೆನ್ನಾಗಿರೋ ಪಿಸಿಯಲ್ಲೂ ಅವು ರಾಶಿ ಬಿದ್ದಿರತ್ತೆ.

4101 ನಂಬರ್ ಕಂಡ್ರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡೋದು ನಿಲ್ಲಿಸಿ ಮತ್ತೆ ಚೇತರಿಸ್ಕೊಂಡಿದೆ ಅಂತ. ಇದರ ಹಿಂದಿರೋ ಲೆಕ್ಕಾಚಾರ ಸರಳ, ವಿಂಡೋಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟು 2 ಸೆಕೆಂಡ್ ಕಾಯತ್ತೆ, ಅಷ್ಟರಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಡ್ರೈವರನ್ನ ಎತ್ತಿ ಕುಕ್ಕಿ ಮತ್ತೆ ಸ್ಟಾರ್ಟ್ ಮಾಡತ್ತೆ, ಒಂದು ನಿಮಿಷದೊಳಗೆ ಇದೇ ಮತ್ತೆ ಮತ್ತೆ ಆದ್ರೆ ಕೈಚೆಲ್ಲಿ ನೀಲಿ ಸ್ಕ್ರೀನ್ ತೋರಿಸತ್ತೆ. ಈ 2 ಸೆಕೆಂಡನ್ನ ರಿಜಿಸ್ಟ್ರಿಯಲ್ಲಿ 8 ಅಥವಾ 10 ಮಾಡಿ ಅಂತ ಸಲಹೆ ಕೊಡೋರು ಬೇಕಾದಷ್ಟು ಜನ ಸಿಗ್ತಾರೆ, ನನ್ನ ಪ್ರಕಾರ ಅದು ಜ್ವರ ಅಳೆಯೋ ಥರ್ಮಾಮೀಟರನ್ನ ಮುಚ್ಚಿಡೋ ಕೆಲಸ.

41 ನಂಬರಿನ ಕರ್ನಲ್ ಪವರ್ ಅನ್ನೋದು ಎಲ್ಲರಿಗೂ ಸಿಗತ್ತೆ, ಎಲ್ಲರೂ ಅದನ್ನೇ ಹಿಡ್ಕೊಂಡು ಪವರ್ ಸಪ್ಲೈ ಹೋಗಿದೆ ಅಂತಾರೆ. ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಯ್ತು ಅಂತ ಮಾತ್ರ ಹೇಳತ್ತೆ, ನೀವೇ ಬಟನ್ ಒತ್ತಿ ಹಿಡಿದ್ರೂ ಇದೇ ಬರತ್ತೆ. ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್ ಕೋಡ್ ನೋಡಿ, 0 ಇದ್ರೆ ವಿಂಡೋಸ್‌ಗೆ ಏನಾಯ್ತು ಅಂತ ಬರೆದಿಡೋಕೂ ಟೈಮ್ ಸಿಕ್ಕಿಲ್ಲ, ಅಂದ್ರೆ ಕರೆಂಟೇ ಕಟ್ ಆಗಿರಬಹುದು ಇಲ್ಲಾ ಪೂರ್ತಿ ಹ್ಯಾಂಗ್ ಆಗಿರಬಹುದು. 278 ಇದ್ರೆ ಅದು ಗ್ರಾಫಿಕ್ಸ್ ಡ್ರೈವರ್ ಚೇತರಿಸಿಕೊಳ್ಳದೆ ಸತ್ತಿದ್ದು. ಡಬ್ಲ್ಯೂಎಚ್‌ಇಎ ಲಾಗರ್ ಅನ್ನೋ ಹೆಸರು ಕಂಡ್ರೆ ಸಾಫ್ಟ್‌ವೇರ್ ಬಿಟ್ಟುಬಿಡಿ, ಹಾರ್ಡ್‌ವೇರೇ ದೂರು ಕೊಡ್ತಾ ಇದೆ. ಇದೆಲ್ಲಾ ಓದೋಕೆ ಬೇಜಾರಾದ್ರೆ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ, ದಿನದ ಲೆಕ್ಕದಲ್ಲಿ ಚಾರ್ಟ್ ಬರತ್ತೆ, ಅಲ್ಲಿ ಲೈವ್ ಕರ್ನಲ್ ಈವೆಂಟ್ 141 ಅಂತ ಇದ್ರೆ ಅದೂ ಗ್ರಾಫಿಕ್ಸ್ ಕಡೆಯದೇ.

ಕೇಬಲ್ ಮತ್ತು ಮಾನಿಟರ್

ಒಂದೆರಡು ಸೆಕೆಂಡಿನ ಕಪ್ಪು ಇರೋರು ಇಲ್ಲಿಂದ ಶುರು ಮಾಡಿ. ಮೊದಲು ಡಿಸ್‌ಪ್ಲೇ ಕೇಬಲ್ ಎರಡೂ ಕಡೆ ತೆಗೆದು ಗಟ್ಟಿಯಾಗಿ ಹಾಕಿ, ಕಾರ್ಡಿನಲ್ಲಿ ಬೇರೆ ಪೋರ್ಟ್‌ಗೆ ಹಾಕಿ. ಆಮೇಲೆ ರಿಫ್ರೆಶ್ ರೇಟ್ 144 ಅಥವಾ 165 ಇದ್ದಿದ್ದನ್ನ 60 ಹರ್ಟ್ಝ್‌ಗೆ ಇಳಿಸಿ ಅದೇ ಗೇಮ್ ಆಡಿ. ಕಪ್ಪಾಗೋದು ನಿಂತ್ರೆ ಕೇಬಲ್‌ಗೆ ಅಷ್ಟು ಡೇಟಾ ಹೊರೋ ಶಕ್ತಿ ಇಲ್ಲ ಅಂತ ಹೆಚ್ಚುಕಮ್ಮಿ ಖಾತ್ರಿ. ಎಚ್‌ಡಿಎಂಐ 2.1 ಪೂರ್ತಿ ಬಳಸೋಕೆ 48 ಗಿಗಾಬಿಟ್ ಹೊರುವ ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲೇ ಬೇಕು, ಹಳೇ ಟಿವಿ ಡಬ್ಬದಲ್ಲಿ ಬಂದ ಕೇಬಲ್ ಆಗಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ಆದ್ರೆ 2 ಮೀಟರ್ ಒಳಗೆ ಇರ್ಲಿ. ಕೆಲವು ಕಳಪೆ ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ 20ನೇ ಪಿನ್‌ಗೂ ವೈರ್ ಜೋಡಿಸಿರ್ತಾರೆ, ಸ್ಟ್ಯಾಂಡರ್ಡ್ ಪ್ರಕಾರ ಜೋಡಿಸಬಾರದು, ಯಾಕಂದ್ರೆ ಅದರಲ್ಲಿ ಮಾನಿಟರ್ ಕಡೆಯಿಂದ ಕಾರ್ಡಿಗೆ ಕರೆಂಟ್ ನುಗ್ಗತ್ತೆ, ಏನೇನೋ ವಿಚಿತ್ರ ತೊಂದ್ರೆ ಶುರುವಾಗತ್ತೆ.

ಮಾನಿಟರ್ ವೇಗವನ್ನ ಗೇಮ್ ವೇಗಕ್ಕೆ ಹೊಂದಿಸೋ ಜಿ ಸಿಂಕ್, ಫ್ರೀ ಸಿಂಕ್ ಆಫ್ ಮಾಡಿ ಒಂದು ಸಲ ನೋಡಿ, ಎಚ್‌ಡಿಆರ್ ಕೂಡ. ಗೇಮ್ ಸೆಟ್ಟಿಂಗಲ್ಲಿ ಫುಲ್‌ಸ್ಕ್ರೀನ್ ಬದಲು ಬಾರ್ಡರ್‌ಲೆಸ್ ಮಾಡಿ ನೋಡಿ, ಮೆಸೇಜ್ ಬಂದಾಗ ಅಥವಾ ಆಲ್ಟ್ ಟ್ಯಾಬ್ ಮಾಡಿದಾಗ ಮಾತ್ರ ಕಪ್ಪಾಗ್ತಾ ಇದ್ದವರಿಗೆ ಇದರಲ್ಲೇ ಮುಗೀಬಹುದು.

ಒಂದು ಮಜಾ ವಿಷಯ ಹೇಳಲೇಬೇಕು, ನನ್ನ ಫ್ರೆಂಡ್ ಒಬ್ಬನಿಗೆ ಕುರ್ಚಿಯಿಂದ ಎದ್ದಾಗೆಲ್ಲಾ ಮಾನಿಟರ್ ಒಂದು ಸೆಕೆಂಡ್ ಕಪ್ಪಾಗ್ತಿತ್ತು, ನಾವೆಲ್ಲಾ ಅವನನ್ನ ಹುಚ್ಚ ಅಂದ್ಕೊಂಡ್ವಿ. ನಿಜಕ್ಕೂ ಗ್ಯಾಸ್ ಲಿಫ್ಟ್ ಇರೋ ಕುರ್ಚಿಯಿಂದ ಎದ್ದಾಗ, ಕೂತಾಗ ಹುಟ್ಟೋ ಸ್ಟ್ಯಾಟಿಕ್‌ನಿಂದ ಒಂದು ಸಣ್ಣ ವಿದ್ಯುತ್ ಅಲೆ ಏಳತ್ತೆ, ಶೀಲ್ಡಿಂಗ್ ಸರಿ ಇಲ್ಲದ ಕೇಬಲ್ ಅದನ್ನ ಹಿಡ್ಕೊಳ್ಳತ್ತೆ. ಫೆರೈಟ್ ಉಂಡೆ ಇರೋ ಒಳ್ಳೇ ಕೇಬಲ್ ಹಾಕಿದ ಮೇಲೆ ಅವನ ಭೂತ ಬಿಟ್ಟೋಯ್ತು.

ಬಿಸಿ ಎಷ್ಟು ಅಂತ ಅಂದಾಜು ಮಾಡ್ಬೇಡಿ, ರೆಕಾರ್ಡ್ ಮಾಡಿ

ಎಚ್‌ಡಬ್ಲ್ಯೂಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು ಸೆನ್ಸಾರ್ ಮಾತ್ರ ಓಪನ್ ಮಾಡಿ, ಕೆಳಗಡೆ ಲಾಗಿಂಗ್ ಬಟನ್ ಒತ್ತಿ ಫೈಲ್‌ಗೆ ಬರೆಯೋಕೆ ಬಿಟ್ಟು ಗೇಮ್ ಆಡಿ. ಕಪ್ಪಾಗಿ ರೀಸ್ಟಾರ್ಟ್ ಆದ್ಮೇಲೆ ಆ ಫೈಲಿನ ಕೊನೇ ಸಾಲುಗಳನ್ನ ನೋಡಿ, ಸಾಯೋ ಮುಂಚಿನ ಕ್ಷಣದ ಟೆಂಪರೇಚರ್, ಪವರ್, ಕ್ಲಾಕ್ ಎಲ್ಲಾ ಅಲ್ಲಿರತ್ತೆ.

ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಟೆಂಪರೇಚರ್ ಒಂದನ್ನೇ ನೋಡಿ 75 ಡಿಗ್ರಿ ಇದೆ ಚೆನ್ನಾಗಿದೆ ಅಂತ ಮುಂದಕ್ಕೆ ಹೋಗ್ಬೇಡಿ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ಮತ್ತು ಮೆಮೊರಿ ಜಂಕ್ಷನ್ (ಕಾರ್ಡಿನ ಮೆಮೊರಿ ಚಿಪ್‌ಗಳ ಬಿಸಿ) ಅಂತ ಬೇರೆ ಸಾಲುಗಳು ಇದ್ರೆ ಅವೇ ಮುಖ್ಯ. ಎಎಂಡಿ ಕಾರ್ಡ್‌ಗಳಲ್ಲಿ ಹಾಟ್‌ಸ್ಪಾಟ್ ಮಿತಿ 110 ಡಿಗ್ರಿ, ಎನ್ವಿಡಿಯಾದ ಜಿಡಿಡಿಆರ್6ಎಕ್ಸ್ ಮೆಮೊರಿ ಇರೋ ಕಾರ್ಡ್‌ಗಳಲ್ಲಿ ಮೆಮೊರಿ 110 ಮುಟ್ಟಿದ್ರೆ ಸ್ಪೀಡ್ ಇಳಿಸಿಕೊಳ್ಳತ್ತೆ. ಕೋರ್‌ಗೂ ಹಾಟ್‌ಸ್ಪಾಟ್‌ಗೂ 25, 30 ಡಿಗ್ರಿ ಅಂತರ ಇದ್ರೆ ಕಾರ್ಡಿನ ಥರ್ಮಲ್ ಪೇಸ್ಟ್ ಒಣಗಿರಬಹುದು ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಪ್ರೊಸೆಸರ್ ವಿಷಯಕ್ಕೆ ಬಂದ್ರೆ ಹೆಚ್ಚಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ, ರೈಝನ್ 7000 ಸರಣಿಯ ಹೆಚ್ಚಿನವಕ್ಕೆ 95 ಮೇಲ್ಮಿತಿ, ಅಲ್ಲಿಗೆ ಮುಟ್ಟಿದ್ರೆ ಮೊದಲು ನಿಧಾನ ಆಗತ್ತೆ, ಅದಕ್ಕೂ ಬಗ್ಗದಿದ್ರೆ ಆಫ್ ಆಗತ್ತೆ.

ಸುಲಭದ ಟೆಸ್ಟ್ ಅಂದ್ರೆ ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ತೆಗೆದು ಎದುರಿಗೆ ಒಂದು ಟೇಬಲ್ ಫ್ಯಾನ್ ಇಟ್ಟು ಆಡೋದು. ಹಾಗೆ ಆಡಿದಾಗ ಕಪ್ಪಾಗ್ಲಿಲ್ಲ ಅಂದ್ರೆ ಬಿಸಿನೇ ಕಾರಣ, ಧೂಳು ತೆಗೀರಿ, ಫ್ಯಾನ್ ತಿರುಗ್ತಾ ಇದ್ಯಾ ನೋಡಿ. ಧೂಳು ಊದುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಗಿರಗಿರ ತಿರುಗೋಕೆ ಬಿಡ್ಬೇಡಿ.

ಪವರ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಡಬ್ಬದ ಮೇಲೆ 320 ವ್ಯಾಟ್ ಅಂತ ಬರೆದಿರೋ ಕಾರ್ಡ್ ಸರಾಸರಿ ಲೆಕ್ಕದಲ್ಲಿ ಅಷ್ಟು ಎಳೆಯತ್ತೆ, ಆದ್ರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಮ್ಮಿ ಹೊತ್ತು ಅದಕ್ಕಿಂತ ಎಷ್ಟೋ ಜಾಸ್ತಿ ಹಾರತ್ತೆ. ಗೇಮಲ್ಲಿ ಶಾಂತವಾಗಿ ನಡೀತಾ ಇದ್ದು ಒಮ್ಮೆಲೇ ಸ್ಫೋಟ ಆದಾಗ, ಅಥವಾ ಲೋಡಿಂಗ್ ಮುಗಿದು ಸೀನ್ ಶುರುವಾದಾಗ ಈ ಹಾರಾಟ ಜೋರಾಗಿರತ್ತೆ. ಪವರ್ ಸಪ್ಲೈನ ರಕ್ಷಣೆ ಸರ್ಕ್ಯೂಟ್ ಅದನ್ನ ಅಪಾಯ ಅಂದ್ಕೊಂಡು ಎಲ್ಲಾ ಬಂದ್ ಮಾಡತ್ತೆ. 2020ರಲ್ಲಿ ಆರ್‌ಟಿಎಕ್ಸ್ 3080, 3090 ಬಂದಾಗ ಒಳ್ಳೊಳ್ಳೇ ಪವರ್ ಸಪ್ಲೈ ಇಟ್ಕೊಂಡಿದ್ದವರಿಗೂ ಹೀಗಾಯ್ತು. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಪವರ್ ಸಪ್ಲೈ ತನ್ನ ರೇಟಿಂಗ್‌ನ ಎರಡು ಪಟ್ಟು ಹೊರೆಯನ್ನ 100 ಮೈಕ್ರೋಸೆಕೆಂಡ್ ತಡ್ಕೋಬೇಕು ಅಂತ ಸೇರಿಸಿದ್ರು. ಹಾಗಾಗಿ ವ್ಯಾಟ್ ಲೆಕ್ಕ ಕೂಡಿಸಿ ಸಾಕಾಗತ್ತೆ ಅಂದ್ಕೊಂಡಿದ್ರೂ ಹಳೇ ಯೂನಿಟ್ ಕೈಕೊಡಬಹುದು. ಎನ್ವಿಡಿಯಾ ತಾನೇ ಹೇಳೋ ಲೆಕ್ಕ ನೋಡಿ, 3080ಗೆ 750 ವ್ಯಾಟ್, 4090ಗೆ 850, 5090ಗೆ 1000.

ಒಂದು ಗುರುತು: ಪಿಸಿ ಪೂರ್ತಿ ಆಫ್ ಆಗಿ, ಬಟನ್ ಒತ್ತಿದ್ರೂ ಏಳದೆ, ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ ಮೇಲಷ್ಟೇ ಎದ್ರೆ, ಪವರ್ ಸಪ್ಲೈ ಟ್ರಿಪ್ ಆಗಿದೆ.

ಈಗ ನನ್ನ ಹಾವಿನ ವಿಷಯ. ನನ್ನ ಕಾರ್ಡಿಗೆ 8 ಪಿನ್ನಿನ ಎರಡು ಸಾಕೆಟ್ ಇತ್ತು, ನಾನು ವೈರ್ ಕಮ್ಮಿ ಕಂಡ್ರೆ ಚೆಂದ ಅಂತ ಒಂದೇ ಕೇಬಲ್ಲಿನ ಎರಡು ತಲೆಗಳನ್ನ ಎರಡಕ್ಕೂ ಚುಚ್ಚಿದ್ದೆ. ಒಂದು 8 ಪಿನ್‌ಗೆ 150 ವ್ಯಾಟ್ ಲೆಕ್ಕ, ಮದರ್‌ಬೋರ್ಡ್ ಸ್ಲಾಟ್‌ನಿಂದ 75, ಹೀಗಿರುವಾಗ ಎರಡು ಸಾಕೆಟ್ಟಿನ ಹೊರೆ ಪೂರ್ತಿ ಒಂದೇ ಕೇಬಲ್ ಮೇಲೆ ಬಿದ್ರೆ ಲೋಡ್ ಏರಿದಾಗ ವೋಲ್ಟೇಜ್ ಕುಸಿಯತ್ತೆ, ಕಾರ್ಡ್ ಕೈಬಿಡತ್ತೆ. ಡಬ್ಬದಲ್ಲಿ ಬಿದ್ದಿದ್ದ ಎರಡನೇ ಕೇಬಲ್ ತಂದು ಪ್ರತ್ಯೇಕವಾಗಿ ಹಾಕ್ದೆ, ಅವತ್ತಿಂದ ಇವತ್ತಿನವರೆಗೂ ಕಪ್ಪಾಗಿಲ್ಲ. ವಿಂಡೋಸ್ ಒರೆಸಿದಾಗ ಹೋದ ಸೇವ್ ಫೈಲ್‌ಗಳು ಮಾತ್ರ ವಾಪಸ್ ಬರ್ಲಿಲ್ಲ.

16 ಪಿನ್ನಿನ ಹೊಸ ಕನೆಕ್ಟರ್ ಇರೋರು ಪಿಸಿ ಆಫ್ ಮಾಡಿ ಅದು ಪೂರ್ತಿ ಒಳಗೆ ಕೂತಿದ್ಯಾ, ಒಂದು ಕೂದಲೆಳೆ ಸಂದೂ ಇಲ್ಲದ ಹಾಗೆ ಇದ್ಯಾ ಅಂತ ಟಾರ್ಚ್ ಹಾಕಿ ನೋಡಿ. 2022ರ ಅಕ್ಟೋಬರ್‌ನಲ್ಲಿ 4090 ಬಂದಾಗ ಈ ಕನೆಕ್ಟರ್‌ಗಳು ಕರಗಿದ ಫೋಟೋಗಳು ಓಡಾಡಿದ್ವಲ್ಲ, ಪೂರ್ತಿ ಒಳಗೆ ತಳ್ಳದೆ ಇದ್ದಿದ್ದು ಅದರ ಒಂದು ದೊಡ್ಡ ಕಾರಣ, ಆಮೇಲೆ ಕನೆಕ್ಟರ್ ಡಿಸೈನೇ ತಿದ್ದಿದ್ರು. ಬುಡದಲ್ಲೇ ಬಗ್ಗಿಸ್ಬೇಡಿ, 35 ಮಿಲಿಮೀಟರ್ ಆದ್ರೂ ನೇರ ಬಂದ ಮೇಲೆ ಬಗ್ಗಲಿ. ಕಂದು ಬಣ್ಣ, ಸುಟ್ಟ ವಾಸನೆ ಇದ್ರೆ ಅಲ್ಲಿಗೆ ನಿಲ್ಲಿಸಿ, ಮತ್ತೆ ಆನ್ ಮಾಡಿ ನೋಡೋಣ ಅನ್ನೋದು ಬೇಡ.

ಇನ್ನೆರಡು ಎಚ್ಚರಿಕೆ. ಪವರ್ ಸಪ್ಲೈ ಡಬ್ಬ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಕೂತಿರತ್ತೆ. ಇನ್ನೊಂದು ಪವರ್ ಸಪ್ಲೈನ ಮಾಡ್ಯುಲರ್ ಕೇಬಲ್ ತಂದು ಇದಕ್ಕೆ ಹಾಕ್ಬೇಡಿ, ಸಾಕೆಟ್ಟಿಗೆ ಸರಿಯಾಗಿ ಕೂತ್ರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಹಾಕಿದ ಕ್ಷಣದಲ್ಲೇ ಡಿಸ್ಕ್, ಬೋರ್ಡ್ ಎಲ್ಲಾ ಸುಟ್ಟು ಹೋಗಬಹುದು.

ಹೊಸ ಪವರ್ ಸಪ್ಲೈ ತರೋ ಮುಂಚೆ ಬಿಟ್ಟಿ ಪರೀಕ್ಷೆ: ಎಂಎಸ್‌ಐ ಆಫ್ಟರ್‌ಬರ್ನರ್ ಹಾಕ್ಕೊಂಡು ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ, ಗೇಮಲ್ಲಿ ಎಫ್‌ಪಿಎಸ್ (ಕಾರ್ಡ್ ಸೆಕೆಂಡಿಗೆ ಬಿಡಿಸೋ ಚಿತ್ರಗಳ ಸಂಖ್ಯೆ) 60ಕ್ಕೆ ಕಟ್ಟಿ ಒಂದೆರಡು ದಿನ ಆಡಿ. ನಿಂತ್ರೆ ಪವರ್ ಇಲ್ಲಾ ಬಿಸಿ, ಎರಡರಲ್ಲಿ ಒಂದು, ಯಾವುದು ಅಂತ ಲಾಗ್ ಫೈಲ್ ಹೇಳತ್ತೆ. ಎಫ್‌ಪಿಎಸ್ ಕಟ್ಟೋದು ಯಾವತ್ತಿಗೂ ಒಳ್ಳೇದು, 2021ರಲ್ಲಿ ನ್ಯೂ ವರ್ಲ್ಡ್ ಗೇಮಿನ ಬೀಟಾ ಆಡ್ತಾ ಕೆಲವು 3090 ಕಾರ್ಡ್‌ಗಳು ಸತ್ತೇ ಹೋದ್ವು, ಆಗ ಆ ಗೇಮ್ ಮಾಡಿದವರು ಮೆನುಗೆ ಎಫ್‌ಪಿಎಸ್ ಮಿತಿ ಹಾಕಿ ಪ್ಯಾಚ್ ಬಿಟ್ರು.

ಫರ್‌ಮಾರ್ಕ್ ಅನ್ನೋ ಕಾರ್ಡ್ ಟೆಸ್ಟ್ ಒಂದು ಗಂಟೆ ಓಡ್ತು ಹಾಗಾದ್ರೆ ಪವರ್ ಸಪ್ಲೈ ಓಕೆ ಅನ್ನೋರಿಗೆ ಒಂದು ಮಾತು, ಅದು ಒಂದೇ ಸಮನೆ ಹೊರೆ ಹಾಕತ್ತೆ, ಗೇಮ್ ಹಾಗಲ್ಲ, ಏರಿಳಿತ ಜಾಸ್ತಿ. ಓಸಿಸಿಟಿ ಅನ್ನೋ ಇನ್ನೊಂದು ಸಾಫ್ಟ್‌ವೇರಲ್ಲಿ ಹೊರೆ ಏರಿಸಿ ಇಳಿಸಿ ಮಾಡೋ ಟೆಸ್ಟ್ ಇದೆ, ಅದು ಇದಕ್ಕಿಂತ ವಾಸಿ.

ಓವರ್‌ಕ್ಲಾಕ್ ಎಲ್ಲಾ ತೆಗೀರಿ, ಅಂಡರ್‌ವೋಲ್ಟ್ ಕೂಡ

ಓವರ್‌ಕ್ಲಾಕ್ ಅಂದ್ರೆ ಚಿಪ್ಪನ್ನ ಮಾಮೂಲಿಗಿಂತ ಜಾಸ್ತಿ ಸ್ಪೀಡಲ್ಲಿ ಓಡಿಸೋದು, ಅಂಡರ್‌ವೋಲ್ಟ್ ಅಂದ್ರೆ ಕಮ್ಮಿ ವೋಲ್ಟೇಜಲ್ಲಿ ಓಡಿಸೋದು. ಆರು ತಿಂಗಳಿಂದ ಅದೇ ಸೆಟ್ಟಿಂಗಲ್ಲಿ ಆಡ್ತಿದೀನಿ ಏನೂ ಆಗಿಲ್ಲ ಅನ್ನೋ ವಾದ ನಡೆಯಲ್ಲ, ಹೊಸ ಗೇಮ್ ಕಾರ್ಡಿನ ಬೇರೆ ಭಾಗಗಳನ್ನ ದುಡಿಸತ್ತೆ, ರೇ ಟ್ರೇಸಿಂಗ್ ಆನ್ ಮಾಡಿದ್ರಂತೂ ಮುಗೀತು. ಎಲ್ಲಾ ಡೀಫಾಲ್ಟ್‌ಗೆ ತನ್ನಿ. ಕಾರ್ಡ್ ಫ್ಯಾಕ್ಟರಿಯಿಂದಲೇ ಓವರ್‌ಕ್ಲಾಕ್ ಆಗಿ ಬಂದಿದ್ರೆ ಕೋರ್ ಕ್ಲಾಕ್ 50ರಿಂದ 100 ಮೆಗಾಹರ್ಟ್ಝ್ ಇಳಿಸಿ ನೋಡಿ. ಬಯೋಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಅದರ ಸ್ಪೀಡ್ ಏರಿಸೋ ಸೆಟ್ಟಿಂಗ್) ಆಫ್ ಮಾಡಿ ಎರಡು ದಿನ ಆಡಿ, ಸರಿ ಹೋದ್ರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಬೂಟ್ ಮಾಡಿ 4 ಸುತ್ತು ಓಡಿಸಿ, ಒಂದೇ ಒಂದು ಎರರ್ ಬಂದ್ರೂ ಅದು ಫೇಲೇ.

ಡ್ರೈವರ್

ಇದನ್ನ ಇಷ್ಟು ಕೆಳಗೆ ಇಟ್ಟಿದ್ದು ಬೇಕಂತಲೇ, ಯಾಕಂದ್ರೆ ಎಲ್ಲರೂ ಇಲ್ಲಿಂದಲೇ ಶುರು ಮಾಡಿ ಇಲ್ಲೇ ಮುಳುಗ್ತಾರೆ. ಆದ್ರೆ ಡ್ರೈವರ್ ಅಪ್‌ಡೇಟ್ ಮಾಡಿದ ವಾರದಲ್ಲೇ ತೊಂದ್ರೆ ಶುರುವಾಗಿದ್ರೆ ನೀವು ಮಾತ್ರ ನೇರವಾಗಿ ಇಲ್ಲಿಗೆ ಬರಬಹುದು. 2025ರ ಶುರುವಿನಲ್ಲಿ ಆರ್‌ಟಿಎಕ್ಸ್ 50 ಸರಣಿ ಬಂದಾಗ ಡ್ರೈವರ್‌ನಿಂದಲೇ ಕಪ್ಪು ಸ್ಕ್ರೀನ್ ಬರ್ತಿತ್ತು, ಎನ್ವಿಡಿಯಾ ಒಪ್ಕೊಂಡು ಒಂದರ ಹಿಂದೆ ಒಂದು ಹಾಟ್‌ಫಿಕ್ಸ್ ಬಿಡ್ತು.

ಸರಿಯಾಗಿ ಮಾಡೋ ಕ್ರಮ ಹೀಗೆ: ಬೇಕಾದ ಡ್ರೈವರ್ ಫೈಲ್ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಹೊಸದೇ ಆಗ್ಬೇಕಂತಿಲ್ಲ, ಮುಂಚೆ ಚೆನ್ನಾಗಿ ನಡೀತಿದ್ದ ಹಳೇದಾದ್ರೆ ಇನ್ನೂ ಒಳ್ಳೇದು. ಡಿಡಿಯು ಅನ್ನೋ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಕೂಡ ಇಳಿಸ್ಕೊಳ್ಳಿ. ಇಂಟರ್‌ನೆಟ್ ಕಿತ್ತು ಹಾಕಿ, ಇಲ್ಲಾಂದ್ರೆ ನೀವು ತೆಗೆದ ಕೂಡ್ಲೇ ವಿಂಡೋಸ್ ಅಪ್‌ಡೇಟ್ ತನ್ನಿಷ್ಟದ ಡ್ರೈವರ್ ತಂದು ಕೂರಿಸತ್ತೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಓಡಿಸಿ, ಕ್ಲೀನ್ ಮಾಡಿ ರೀಸ್ಟಾರ್ಟ್ ಕೊಟ್ಟು, ಡ್ರೈವರ್ ಹಾಕಿ, ಆಮೇಲೆ ನೆಟ್ ಜೋಡಿಸಿ. ಜೊತೆಗೆ ಬರೋ ಓವರ್‌ಲೇ, ರೆಕಾರ್ಡಿಂಗ್ ಎಲ್ಲಾ ಸದ್ಯಕ್ಕೆ ಆಫ್ ಇರ್ಲಿ. ಇದನ್ನ ಎರಡು ಡ್ರೈವರ್ ವರ್ಷನ್‌ನಲ್ಲಿ ಮಾಡಿ ನೋಡಿ, ಎರಡರಲ್ಲೂ ಅದೇ ಕಥೆ ಅಂದ್ರೆ ಮೂರನೇದಕ್ಕೆ ಟೈಮ್ ಹಾಳು ಮಾಡ್ಬೇಡಿ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಂಟೆಲ್ 13 ಮತ್ತು 14ನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್ ಇರೋರು ಇದನ್ನ ಬಿಡದೆ ಓದಿ. ಗೇಮ್ ಕ್ರ್ಯಾಶ್ ಆಗಿ ಔಟ್ ಆಫ್ ವಿಡಿಯೋ ಮೆಮೊರಿ ಅಂತ ಬರತ್ತೆ, ಎಲ್ಲರೂ ಗ್ರಾಫಿಕ್ಸ್ ಕಾರ್ಡನ್ನ ಬೈತಾರೆ, ಆದ್ರೆ ಹಾಳಾಗ್ತಿರೋದು ಪ್ರೊಸೆಸರ್ ಇರಬಹುದು. ಜಾಸ್ತಿ ವೋಲ್ಟೇಜ್‌ನಿಂದ ಚಿಪ್ ನಿಧಾನವಾಗಿ ಸವೆಯತ್ತೆ ಅಂತ ಇಂಟೆಲ್ 2024ರಲ್ಲಿ ಒಪ್ಕೊಂಡು ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನೋ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಕೊಟ್ಟು, ವಾರಂಟಿ 2 ವರ್ಷ ಹೆಚ್ಚಿಸ್ತು. ಇವು ಬಯೋಸ್ ಅಪ್‌ಡೇಟ್ ಮೂಲಕ ಬರತ್ತೆ, ಮದರ್‌ಬೋರ್ಡ್ ಕಂಪನಿ ಪೇಜಲ್ಲಿ ಸಿಗತ್ತೆ. ಆಗಲೇ ಸವೆದು ಹೋದ ಚಿಪ್ ಅಪ್‌ಡೇಟ್‌ನಿಂದ ಸರಿ ಹೋಗಲ್ಲ, ಬದಲಾಯಿಸಿಕೊಳ್ಳೋದೊಂದೇ ದಾರಿ.

ಸ್ಲಾಟ್

ಪ್ಲಗ್ ಕಿತ್ತು, ಕಾರ್ಡ್ ತೆಗೆದು, ಒಣಗಿದ ಬಟ್ಟೆಯಲ್ಲಿ ಚಿನ್ನದ ಅಂಚು ಒರೆಸಿ ಮತ್ತೆ ಕ್ಲಿಕ್ ಅನ್ನೋವರೆಗೂ ಕೂರಿಸಿ. ಭಾರಕ್ಕೆ ಜೋತು ಬಿದ್ದಿದ್ರೆ ಕೆಳಗಡೆ ಒಂದು ಊರುಗೋಲು ಕೊಡಿ. ಕಾರ್ಡನ್ನ ರೈಸರ್ ಕೇಬಲ್‌ನಲ್ಲಿ (ಸ್ಲಾಟಿಂದ ಕಾರ್ಡಿಗೆ ಹೋಗೋ ಎಕ್ಸ್‌ಟೆನ್ಶನ್ ಕೇಬಲ್) ನಿಲ್ಲಿಸಿ ಇಟ್ಟಿದ್ರೆ ಅದನ್ನ ತೆಗೆದು ನೇರ ಬೋರ್ಡಿಗೆ ಹಾಕಿ ನೋಡಿ, ಪಿಸಿಐಇ ಸ್ಲಾಟಿನ ಹಳೇ ಜನರೇಶನ್ ಆದ ಜೆನ್ 3 ರೈಸರ್‌ಗೆ ಜೆನ್ 4 ಕಾರ್ಡ್ ಹಾಕಿ ಕಪ್ಪು ಸ್ಕ್ರೀನ್ ನೋಡ್ತಾ ಕೂತವರು ಕಮ್ಮಿ ಏನಲ್ಲ, ಬಯೋಸ್‌ನಲ್ಲಿ ಸ್ಲಾಟ್ ಸ್ಪೀಡ್ ಜೆನ್ 3ಕ್ಕೆ ಇಳಿಸಿದ್ರೂ ಸಾಕಾಗತ್ತೆ, ಎಫ್‌ಪಿಎಸ್‌ನಲ್ಲಿ ಅಂಥಾ ವ್ಯತ್ಯಾಸ ಕಾಣಲ್ಲ.

ಲ್ಯಾಪ್‌ಟಾಪ್‌ನವರು ಇಷ್ಟೆಲ್ಲಾ ಬಿಚ್ಚೋಕಾಗಲ್ಲ, ಒರಿಜಿನಲ್ ಚಾರ್ಜರ್ ಹಾಕಿಯೇ ಆಡಿ, ಕೆಳಗಿನ ಗಾಳಿ ಕಿಂಡಿ ಕ್ಲೀನ್ ಮಾಡಿ, ಹೊರಗಿನ ಮಾನಿಟರ್ ಜೋಡಿಸಿ ಅದರಲ್ಲೂ ಕಪ್ಪಾಗತ್ತಾ ನೋಡಿ. ಆಗದಿದ್ರೆ ಒಳಗಿನ ಡಿಸ್‌ಪ್ಲೇ ಕೇಬಲ್ ಇರಬಹುದು.

ಇಷ್ಟಾದ್ರೂ ಸರಿ ಹೋಗ್ಲಿಲ್ಲ ಅಂದ್ರೆ

ಕಾರ್ಡನ್ನ ಬೇರೆಯವರ ಪಿಸಿಗೆ ಹಾಕಿ ಅದೇ ಗೇಮ್ ಆಡಿ, ಅಲ್ಲೂ ಕಪ್ಪಾದ್ರೆ ಕಾರ್ಡ್, ಆಗದಿದ್ರೆ ನಿಮ್ಮ ಪಿಸಿಯ ಉಳಿದ ಭಾಗ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನ ತಾರೀಖು ಹಾಕಿ ಫೋನಲ್ಲಿ ಬರೆದಿಟ್ಕೊಳ್ಳಿ, ನಾಲ್ಕು ಒಟ್ಟಿಗೆ ಬದಲಾಯಿಸಿ ಸರಿ ಹೋದ್ರೆ ಯಾವುದರಿಂದ ಅಂತ ನಿಮಗೇ ಗೊತ್ತಾಗಲ್ಲ.

ವಾರಂಟಿಗೆ ಕಳಿಸುವಾಗ ಸ್ಕ್ರೀನ್ ಕಪ್ಪಾಗತ್ತೆ ಅಂತ ಒಂದು ಸಾಲು ಬರೆದ್ರೆ ಅವರು ಡೆಸ್ಕ್‌ಟಾಪ್ ಹತ್ತು ನಿಮಿಷ ಆನ್ ಇಟ್ಟು ಎಲ್ಲಾ ಸರಿ ಇದೆ ಅಂತ ವಾಪಸ್ ಕಳಿಸೋ ಚಾನ್ಸ್ ಇದೆ. ಯಾವ ಗೇಮ್, ಎಷ್ಟು ನಿಮಿಷಕ್ಕೆ, ಈವೆಂಟ್ ನಂಬರ್ ಏನು, ಲಾಗ್‌ನ ಕೊನೇ ಸಾಲಲ್ಲಿ ಎಷ್ಟು ಡಿಗ್ರಿ, ಬೇರೆ ಪಿಸಿಯಲ್ಲಿ ಏನಾಯ್ತು ಇಷ್ಟನ್ನೂ ಬರೆದು ವಿಡಿಯೋ ಜೊತೆ ಕೊಡಿ. ಕಾರ್ಡ್ ಬಿಚ್ಚಿ ಪೇಸ್ಟ್ ಹಾಕೋ ಆಸೆ ಇದ್ರೆ ವಾರಂಟಿ ಮುಗಿಯೋವರೆಗೂ ತಡ್ಕೊಳ್ಳಿ, ಪ್ಯಾಕ್ ಮಾಡೋ ಮುಂಚೆ ಪವರ್ ಕನೆಕ್ಟರ್ ಮತ್ತು ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಕೊಳ್ಳಿ, ದಾರಿಯಲ್ಲಿ ಏನಾದ್ರೂ ಆದ್ರೆ ನಿಮ್ಮ ಹತ್ರ ಇರೋ ಸಾಕ್ಷಿ ಅದೊಂದೇ.